ಪೋಕರ್ ರೇಂಜಿನ ಈಕ್ವಿಟಿಯನ್ನು ತಂತ್ರಾಂಶದಲ್ಲಿ ಲೆಕ್ಕ ಹಾಕುವ ಕ್ರಮ

ಪೋಕರ್ ಆಟದಲ್ಲಿ ಎದುರಾಳಿಯ ಕೈಯಲ್ಲಿರುವ ಎರಡು ಎಲೆಗಳು ಯಾವುವೆಂದು ಖಚಿತವಾಗಿ ಗೊತ್ತಾಗುವುದು ಎಲೆ ತೆರೆದ ಮೇಲೆಯೇ. ಅದಕ್ಕೂ ಮೊದಲು ನಮ್ಮ ಬಳಿ ಇರುವುದು ಒಂದು ಅಂದಾಜು ಮಾತ್ರ: ಇಷ್ಟು ಬೆಟ್ ಮಾಡಿದವರು, ಈ ಸ್ಥಾನದಿಂದ ರೇಸ್ ಮಾಡಿದವರು, ಇಂತಿಂಥ ಹ್ಯಾಂಡ್‌ಗಳನ್ನು ಹಿಡಿದಿರಬಹುದು ಎಂಬ ಅಂದಾಜು. ಹಾಗೆ ಹಿಡಿದಿರಬಹುದಾದ ಎಲ್ಲ ಹ್ಯಾಂಡ್‌ಗಳ ಗುಂಪನ್ನು ರೇಂಜ್ ಎನ್ನುತ್ತಾರೆ. ಇನ್ನು ಮುಂದೆ ಯಾರೂ ಬೆಟ್ ಮಾಡದೆ, ಯಾರೂ ಫೋಲ್ಡ್ ಮಾಡದೆ ಉಳಿದ ಎಲೆಗಳೆಲ್ಲ ಮೇಜಿಗೆ ಬಿದ್ದರೆ ಪಾಟ್‌ನಲ್ಲಿ ಸರಾಸರಿ ಎಷ್ಟು ಪಾಲು ನಮಗೆ ಸಲ್ಲುತ್ತದೆ ಎಂಬುದೇ ಈಕ್ವಿಟಿ. ಗೆಲ್ಲುವ ಸಂಭವಕ್ಕೆ, ಸಮವಾದಾಗ ಹಂಚಿಕೊಳ್ಳುವ ಪಾಲನ್ನೂ ಸೇರಿಸಿದಾಗ ಈ ಸಂಖ್ಯೆ ಸಿಗುತ್ತದೆ. ಒಂದು ಹ್ಯಾಂಡಿನ ಎದುರು ಇನ್ನೊಂದು ಹ್ಯಾಂಡ್ ಆದರೆ ಅನುಭವಿಗಳು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ. ಒಂದು ರೇಂಜಿನ ಎದುರು ಎಂದಾಗ ಮಾತ್ರ ತಂತ್ರಾಂಶದ ನೆರವು ಬೇಕೇ ಬೇಕು. ಇಲ್ಲಿರುವ ವಿವರಣೆ ಟೆಕ್ಸಸ್ ಹೋಲ್ಡೆಮ್ ಆಟಕ್ಕೆ ಸಂಬಂಧಿಸಿದ್ದು, ಆಟದ ಮೂಲ ನಿಯಮಗಳು ಓದುಗರಿಗೆ ಗೊತ್ತಿವೆ ಎಂದು ಭಾವಿಸಿದೆ.

ತಂತ್ರಾಂಶದ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಹುಕಾಲ ಎಲ್ಲರೂ ಬಳಸುತ್ತಿದ್ದುದು ವಿಂಡೋಸ್‌ನಲ್ಲಿ ನಡೆಯುವ ಉಚಿತ ಪೋಕರ್‌ಸ್ಟೋವ್. ಅದರ ಮೂಲ ಕೋಡ್ ಮುಂದೆ ಸಾರ್ವಜನಿಕವಾಯಿತು. ಅದೇ ಜಾಡಿನ ಈಕ್ವಿಲ್ಯಾಬ್ ಕಲಿಯುವವರಿಗೆ ಇನ್ನೂ ಅನುಕೂಲಕರವಾಗಿದೆ. ಮೊಬೈಲ್‌ನಲ್ಲಿ ಬೇಕೆನ್ನುವವರಿಗೆ ಪೋಕರ್‌ಕ್ರಂಚರ್ ಇದೆ. ಫ್ಲಾಪ್‌ಜಿಲ್ಲಾದ ವೈಶಿಷ್ಟ್ಯವೆಂದರೆ, ಒಂದು ರೇಂಜ್ ನಿರ್ದಿಷ್ಟ ಫ್ಲಾಪ್‌ಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ, ಅಂದರೆ ಅದರಲ್ಲಿ ಎಷ್ಟು ಪಾಲು ಜೋಡಿ, ಎಷ್ಟು ಪಾಲು ಡ್ರಾ (ಬೇಕಾದ ಎಲೆ ಮುಂದೆ ಬಿದ್ದರೆ ಮಾತ್ರ ಪೂರ್ಣವಾಗುವ ಹ್ಯಾಂಡ್), ಎಷ್ಟು ಪಾಲು ಏನೂ ಆಗದ ಹ್ಯಾಂಡ್ ಎಂಬುದನ್ನು ಅದು ಒಡೆದು ತೋರಿಸುತ್ತದೆ. ಪಯೋಸಾಲ್ವರ್‌ನಂಥ ಸಾಲ್ವರ್‌ಗಳು ಮಾಡುವ ಕೆಲಸವೇ ಬೇರೆ. ಅವು ಬೆಟ್ಟಿಂಗ್ ತಂತ್ರವನ್ನೇ ಹುಡುಕುತ್ತವೆ. ಈಕ್ವಿಟಿಯ ಲೆಕ್ಕ ಕೈಗೆ ಹತ್ತುವ ಮೊದಲು ಸಾಲ್ವರ್‌ಗೆ ಕೈ ಹಾಕುವುದು ವ್ಯರ್ಥ ಶ್ರಮವೆಂದು ನನ್ನ ಅಭಿಪ್ರಾಯ.

ಚೌಕಗಳ ಪಟ್ಟಿಯನ್ನು ಓದುವುದು

ಯಾವ ತಂತ್ರಾಂಶ ತೆರೆದರೂ ಎದುರಿಗೆ ಬರುವುದು ಉದ್ದಕ್ಕೆ 13, ಅಡ್ಡಕ್ಕೆ 13 ಚೌಕಗಳ ಒಂದು ಪಟ್ಟಿ. ಎಡ ಮೇಲ್ತುದಿಯಲ್ಲಿ ಎಕ್ಕದ ಜೋಡಿಯಿಂದ ಆರಂಭವಾಗಿ ಬಲ ಕೆಳತುದಿಯ ಎರಡರ ಜೋಡಿಯವರೆಗೆ ಓರೆಯಾಗಿ ಇಳಿಯುವ 13 ಚೌಕಗಳಲ್ಲಿ ಜೋಡಿಗಳಿರುತ್ತವೆ. ಸಾಮಾನ್ಯವಾಗಿ ಆ ಓರೆ ಸಾಲಿನ ಮೇಲ್ಭಾಗದ 78 ಚೌಕಗಳು ಸೂಟೆಡ್ ಹ್ಯಾಂಡ್‌ಗಳಿಗೆ, ಅಂದರೆ ಎರಡೂ ಎಲೆ ಒಂದೇ ಸೂಟಿನವಾದವುಗಳಿಗೆ, ಕೆಳಭಾಗದ 78 ಚೌಕಗಳು ಆಫ್‌ಸೂಟ್ ಹ್ಯಾಂಡ್‌ಗಳಿಗೆ ಮೀಸಲು. ಒಟ್ಟು 169 ಚೌಕ. ಎಲ್ಲ ಚೌಕಗಳೂ ಒಂದೇ ಗಾತ್ರದಲ್ಲಿ ಕಾಣುತ್ತವೆ. ಹೊಸಬರು ಮೋಸ ಹೋಗುವುದು ಇಲ್ಲಿಯೇ, ಏಕೆಂದರೆ ಅವುಗಳ ತೂಕ ಒಂದೇ ಅಲ್ಲ. 52 ಎಲೆಗಳಿಂದ ಎರಡೆರಡರಂತೆ ಒಟ್ಟು 1,326 ಕಾಂಬೋಗಳು, ಅಂದರೆ ಎರಡು ಎಲೆಗಳ ನಿರ್ದಿಷ್ಟ ಜೋಡಣೆಗಳು, ಹುಟ್ಟುತ್ತವೆ. ಪ್ರತಿ ಜೋಡಿಗೆ 6 ಕಾಂಬೋ, ಪ್ರತಿ ಸೂಟೆಡ್ ಹ್ಯಾಂಡಿಗೆ 4, ಪ್ರತಿ ಆಫ್‌ಸೂಟ್ ಹ್ಯಾಂಡಿಗೆ 12. ಹೀಗಾಗಿ ಕೆಳಭಾಗದಲ್ಲಿ ಒತ್ತಿದ ಒಂದೇ ಒಂದು ಚೌಕ ಮೇಲ್ಭಾಗದ ಮೂರು ಚೌಕಗಳಿಗೆ ಸಮ. ಎರಡರಿಂದ ಎಕ್ಕದವರೆಗಿನ ಅಷ್ಟೂ ಜೋಡಿಗಳನ್ನು ಆರಿಸಿದರೂ ಸೇರುವುದು 78 ಕಾಂಬೋ, ಅಂದರೆ ಎಲ್ಲ ಹ್ಯಾಂಡ್‌ಗಳ ಶೇ 6ಕ್ಕಿಂತ ತುಸು ಕಡಿಮೆ.

ಚೌಕಗಳನ್ನು ಒಂದೊಂದಾಗಿ ಒತ್ತುವ ಬದಲು ರೇಂಜನ್ನು ಅಕ್ಷರಗಳಲ್ಲಿ ಟೈಪ್ ಮಾಡುವ ಸೌಲಭ್ಯವೂ ಇರುತ್ತದೆ. ರಾಣಿಯ ಜೋಡಿಯ ಮುಂದೆ ಕೂಡಿಸುವ ಚಿಹ್ನೆ ಹಾಕಿದರೆ ರಾಣಿ, ರಾಜ, ಎಕ್ಕ ಮೂರರ ಜೋಡಿಗಳೂ ಸೇರುತ್ತವೆ. ಎಕ್ಕ-ಹತ್ತರ ಮುಂದೆ ಸೂಟೆಡ್ ಎಂಬುದನ್ನು ಸೂಚಿಸುವ ಎಸ್ ಅಕ್ಷರವನ್ನೂ ಕೂಡಿಸುವ ಚಿಹ್ನೆಯನ್ನೂ ಹಾಕಿದರೆ ಎಕ್ಕ ಹಾಗೆಯೇ ಇದ್ದು, ಹತ್ತು ಮಾತ್ರ ಗುಲಾಮ, ರಾಣಿ, ರಾಜನವರೆಗೆ ಏರುತ್ತದೆ. ಒಟ್ಟು 16 ಕಾಂಬೋ. ಎಸ್ ಅಕ್ಷರವನ್ನಾಗಲಿ ಆಫ್‌ಸೂಟಿನ ಓ ಅಕ್ಷರವನ್ನಾಗಲಿ ಹಾಕದೆ ಬಿಟ್ಟರೆ ಎರಡೂ ಬಗೆಯವು ಸೇರಿಬಿಡುತ್ತವೆ. ಏಳು-ಆರರಂಥ ಸಾಲು ಎಲೆಗಳ ಮುಂದೆ ಹಾಕಿದ ಕೂಡಿಸುವ ಚಿಹ್ನೆಯನ್ನು ಎಲ್ಲ ತಂತ್ರಾಂಶಗಳೂ ಒಂದೇ ಬಗೆಯಲ್ಲಿ ಅರ್ಥ ಮಾಡಿಕೊಳ್ಳುವುದಿಲ್ಲವಾದ್ದರಿಂದ, ಟೈಪ್ ಮಾಡಿದ ಮೇಲೆ ಚೌಕಗಳ ಪಟ್ಟಿಯನ್ನು ತೆರೆದು ಯಾವುವು ಬಣ್ಣ ಪಡೆದಿವೆ ಎಂದು ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಪಟ್ಟಿಯ ಪಕ್ಕದಲ್ಲಿ ಶೇಕಡಾವಾರು ಎಳೆಗುಂಡಿಯೊಂದು ಇರುತ್ತದೆ. ಶೇ 15 ಎಂದು ಎಳೆದರೆ ಅಷ್ಟು ಹ್ಯಾಂಡ್‌ಗಳು ತಾವೇ ಆಯ್ಕೆಯಾಗುತ್ತವೆ. ಅವಸರಕ್ಕೆ ಇದು ಸಾಕು. ಆದರೆ ಯಾವ ಹ್ಯಾಂಡ್ ಮೇಲು, ಯಾವುದು ಕೀಳು ಎಂಬ ಕ್ರಮಾಂಕ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುತ್ತದೆ. ಯಾವ ಎಲೆಗಳಾದರೂ ಇರಬಹುದಾದ ಒಬ್ಬ ಎದುರಾಳಿಯ ಎದುರು ಎಷ್ಟು ಗೆಲ್ಲುತ್ತದೆ ಎಂಬ ಆಧಾರದ ಮೇಲೆ ಕ್ರಮಾಂಕ ಕೊಟ್ಟರೆ ಎಕ್ಕ-ಐದು ಆಫ್‌ಸೂಟ್‌ನಂಥವು ಮೇಲೇರುತ್ತವೆ, ಎಂಟು-ಏಳು ಸೂಟೆಡ್‌ನಂಥವು ಕೆಳಗಿಳಿಯುತ್ತವೆ. ನಿಜವಾದ ಆಟಗಾರರು ಆರಿಸಿಕೊಳ್ಳುವ ಕ್ರಮ ಬಹಳ ಸಲ ಇದಕ್ಕೆ ತಿರುಗುಮುರುಗಾಗಿರುತ್ತದೆ. ಆದಕಾರಣ ಎಳೆಗುಂಡಿಯಿಂದ ಆರಂಭಿಸಿದರೂ ಚೌಕಗಳನ್ನು ಕೈಯಾರೆ ತಿದ್ದಿಯೇ ಮುಂದುವರಿಯಬೇಕು.

ಮೊದಲ ಲೆಕ್ಕ

ಬೋರ್ಡ್ ಖಾಲಿ ಬಿಟ್ಟು ಆರಂಭಿಸೋಣ. ಮೊದಲ ಆಟಗಾರರ ಜಾಗದಲ್ಲಿ ರಾಣಿಯ ಜೋಡಿಯನ್ನು ನಮೂದಿಸಿ, ಎರಡನೆಯವರಿಗೆ ಎಲ್ಲ 169 ಚೌಕಗಳನ್ನೂ ಕೊಟ್ಟು ಲೆಕ್ಕದ ಗುಂಡಿಯನ್ನು ಒತ್ತಿದರೆ ಈಕ್ವಿಟಿ ಶೇ 80ರ ಆಸುಪಾಸಿಗೆ ಬರುತ್ತದೆ. ಈಗ ಎರಡನೆಯವರ ರೇಂಜನ್ನು ರಾಣಿ ಮತ್ತು ಮೇಲಿನ ಜೋಡಿಗಳು ಹಾಗೂ ಎಕ್ಕ-ರಾಜ ಎಂದು ಕುಗ್ಗಿಸಿ ಮತ್ತೆ ಒತ್ತಿ. ಅದೇ ರಾಣಿಯ ಜೋಡಿಯ ಈಕ್ವಿಟಿ ಶೇ 40ಕ್ಕೆ ಇಳಿಯುತ್ತದೆ. ಆ ರೇಂಜಿಗೆ ಗುಲಾಮ ಮತ್ತು ಹತ್ತರ ಜೋಡಿಗಳನ್ನು ಸೇರಿಸಿದರೆ ಶೇ 52ರ ಸುತ್ತಮುತ್ತ ಏರುತ್ತದೆ. ಎಲೆಗಳು ಬದಲಾಗಿಲ್ಲ, ಎದುರಾಳಿಯ ಬಗೆಗಿನ ನಮ್ಮ ಊಹೆ ಮಾತ್ರ ಬದಲಾಗಿದೆ.

ಆ ಶೇ 40 ಎಲ್ಲಿಂದ ಬಂತೆಂದು ಒಮ್ಮೆ ಕೈಲೆಕ್ಕದಲ್ಲಿ ನೋಡಿಕೊಂಡರೆ ತಂತ್ರಾಂಶದ ಒಳಗೆ ನಡೆಯುವುದು ಸ್ಪಷ್ಟವಾಗುತ್ತದೆ. ಕಾಗದದ ಮೇಲೆ ಆ ರೇಂಜಿನಲ್ಲಿ 34 ಕಾಂಬೋಗಳಿವೆ: ಮೂರು ಜೋಡಿಗಳಿಂದ 18, ಎಕ್ಕ-ರಾಜದಿಂದ 16. ಆದರೆ ಎರಡು ರಾಣಿಗಳು ನಮ್ಮ ಕೈಯಲ್ಲೇ ಇರುವುದರಿಂದ ಎದುರಾಳಿಗೆ ರಾಣಿಯ ಜೋಡಿ ಬರಲು ಉಳಿದಿರುವುದು ಒಂದೇ ದಾರಿ. ಹೀಗೆ 34 ಎಂಬುದು 29 ಆಗುತ್ತದೆ. ಎಕ್ಕ ಮತ್ತು ರಾಜನ ಜೋಡಿಗಳ 12 ಕಾಂಬೋಗಳ ಎದುರು ನಮಗಿರುವುದು ಶೇ 18ರಷ್ಟು, ಎಕ್ಕ-ರಾಜದ 16 ಕಾಂಬೋಗಳ ಎದುರು ಶೇ 56ರಷ್ಟು, ಉಳಿದ ಒಂದರ ಎದುರು ಸಮಪಾಲು. ಇವನ್ನು ಕಾಂಬೋಗಳ ಸಂಖ್ಯೆಯಿಂದ ತೂಗಿ ಸರಾಸರಿ ತೆಗೆದರೆ ಶೇ 40. ನಮ್ಮ ಕೈಯ ಎಲೆಗಳು ಎದುರಾಳಿಯ ಕಾಂಬೋಗಳನ್ನು ಹೀಗೆ ಕಡಿಮೆ ಮಾಡುವುದನ್ನು ತಂತ್ರಾಂಶ ತಾನಾಗಿಯೇ ಗಮನಿಸುತ್ತದೆ. ನಮ್ಮಲ್ಲಿ ಒಂದು ಎಕ್ಕ, ಒಂದು ರಾಜ ಇದ್ದರೆ ಎಕ್ಕದ ಜೋಡಿ 6ರಿಂದ 3ಕ್ಕೆ, ಎಕ್ಕ-ರಾಜ 16ರಿಂದ 9ಕ್ಕೆ ಇಳಿಯುವುದೂ ಇದೇ ಕಾರಣಕ್ಕೆ.

ಮೂರನೆಯವರು, ನಾಲ್ಕನೆಯವರು ಸೇರಿದಂತೆ ಸಂಖ್ಯೆ ಬೇಗ ಕುಸಿಯುತ್ತದೆ. ಯಾವ ಎಲೆಗಳಾದರೂ ಇರಬಹುದಾದ ಒಬ್ಬರ ಎದುರು ಎಕ್ಕದ ಜೋಡಿಗೆ ಸುಮಾರು ಶೇ 85, ಇಬ್ಬರ ಎದುರು 73, ಮೂವರ ಎದುರು 64, ನಾಲ್ವರ ಎದುರು 56. ಪಾಟ್‌ನಲ್ಲಿ ಎಷ್ಟು ಜನ ಉಳಿದಿದ್ದಾರೋ ಅಷ್ಟೂ ಜನರ ರೇಂಜುಗಳನ್ನು ತುಂಬಿಯೇ ಗುಂಡಿ ಒತ್ತಬೇಕು.

ಲೆಕ್ಕ ಹಾಕಲು ಎರಡು ವಿಧಾನಗಳಿರುತ್ತವೆ. ಒಂದರಲ್ಲಿ ತಂತ್ರಾಂಶ ಬೀಳಬಹುದಾದ ಎಲ್ಲ ಬೋರ್ಡ್‌ಗಳನ್ನೂ ಒಂದನ್ನೂ ಬಿಡದೆ ಎಣಿಸುತ್ತದೆ. ಇನ್ನೊಂದರಲ್ಲಿ, ಮಾಂಟೆ ಕಾರ್ಲೊ ಎಂಬುದರಲ್ಲಿ, ಮನಬಂದಂತೆ ಎಲೆ ಹಂಚಿ ಹಂಚಿ ಸರಾಸರಿ ತೆಗೆಯುತ್ತದೆ. ಎರಡು ಗೊತ್ತಿರುವ ಹ್ಯಾಂಡ್‌ಗಳಿಗೆ ಫ್ಲಾಪ್‌ಗೆ ಮುನ್ನ 17,12,304 ಬೋರ್ಡ್‌ಗಳು ಸಾಧ್ಯ. ಅದೇ ನಮ್ಮ ಒಂದು ಹ್ಯಾಂಡಿನ ಎದುರು ಯಾವ ಹ್ಯಾಂಡಾದರೂ ಇರಬಹುದೆಂದರೆ ಎಣಿಕೆ 200 ಕೋಟಿಯನ್ನು ದಾಟುತ್ತದೆ. ಎರಡು ಗೊತ್ತಿರುವ ಹ್ಯಾಂಡ್‌ಗಳು ಫ್ಲಾಪ್ ಕಂಡ ಮೇಲಾದರೆ ಕೇವಲ 990, ಟರ್ನ್ ನಂತರ 44. ಆದ್ದರಿಂದ ಬೋರ್ಡ್‌ನಲ್ಲಿ ಎಲೆಗಳಿದ್ದಾಗ ಪೂರ್ಣ ಎಣಿಕೆಯನ್ನೇ ಆರಿಸಿ. ಫ್ಲಾಪ್‌ಗೆ ಮುನ್ನ ಅಗಲವಾದ ರೇಂಜುಗಳು, ಹೆಚ್ಚು ಆಟಗಾರರು ಇದ್ದಾಗ ಮಾಂಟೆ ಕಾರ್ಲೊ ಬಳಸಿ. 10,000 ಹಂಚಿಕೆಗಳಿಗೆ ನಿಲ್ಲಿಸಿದರೆ ಉತ್ತರ ಶೇ 1ರಷ್ಟು ಆಚೀಚೆ ಆಗಬಹುದು, 10 ಲಕ್ಷಕ್ಕೆ ನಿಲ್ಲಿಸಿದರೆ ಶೇ 0.1ರಷ್ಟು. ನಮ್ಮ ರೇಂಜಿನ ಊಹೆಯಲ್ಲೇ ಶೇ 10ರ ಏರುಪೇರು ಇರುವಾಗ ದಶಮಾಂಶದ ಎರಡನೆಯ ಸ್ಥಾನಕ್ಕಾಗಿ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಬೋರ್ಡ್ ಬಂದ ಮೇಲೆ

ಈಗ ಒಂದು ರಿವರ್ ಸಂದರ್ಭವನ್ನು ತೆಗೆದುಕೊಳ್ಳೋಣ, ಏಕೆಂದರೆ ಅಲ್ಲಿ ಮುಂದೆ ಬೀಳುವ ಎಲೆಯೇ ಇಲ್ಲದ ಕಾರಣ ತಂತ್ರಾಂಶದ ಉತ್ತರವನ್ನು ಬೆರಳೆಣಿಕೆಯಿಂದಲೇ ತಾಳೆ ನೋಡಬಹುದು. ಬೋರ್ಡ್‌ನಲ್ಲಿ ಸ್ಪೇಡ್ ರಾಜ, ಡೈಮಂಡ್ ಒಂಬತ್ತು, ಕ್ಲಬ್ ನಾಲ್ಕು, ಹಾರ್ಟ್ ಏಳು, ಸ್ಪೇಡ್ ಎರಡು. ನಮ್ಮ ಕೈಯಲ್ಲಿ ಹಾರ್ಟ್ ರಾಜ ಮತ್ತು ಹಾರ್ಟ್ ರಾಣಿ. ಪಾಟ್‌ನಲ್ಲಿ 100 ಚಿಪ್ ಇದೆ, ಎದುರಾಳಿ 50 ಚಿಪ್ ಬೆಟ್ ಮಾಡಿದ್ದಾರೆ. ಅವರ ಈವರೆಗಿನ ಆಟವನ್ನು ನೋಡಿ ಒಂಬತ್ತರ ಜೋಡಿ, ನಾಲ್ಕರ ಜೋಡಿ, ಎಕ್ಕ-ರಾಜ, ರಾಜ-ಗುಲಾಮ ಸೂಟೆಡ್, ಗುಲಾಮ-ಹತ್ತು ಸೂಟೆಡ್ ಇಷ್ಟನ್ನು ಅವರ ರೇಂಜಿನಲ್ಲಿಟ್ಟಿದ್ದೇವೆ ಎಂದುಕೊಳ್ಳೋಣ.

ನಮ್ಮ ಎಲೆಗಳನ್ನು ನಮೂದಿಸುವಾಗ ಚೌಕಗಳ ಪಟ್ಟಿಯಿಂದ ರಾಜ-ರಾಣಿ ಸೂಟೆಡ್ ಎಂದು ಆರಿಸಬಾರದು, ಎಲೆಗಳ ಚಿತ್ರಗಳಿಂದ ಆ ಎರಡು ಹಾರ್ಟ್ ಎಲೆಗಳನ್ನೇ ಆರಿಸಬೇಕು. ಚೌಕವನ್ನು ಒತ್ತಿದರೆ ಆ ಬಗೆಯ ಎಲ್ಲ ಕಾಂಬೋಗಳ ಸರಾಸರಿ ಬರುತ್ತದೆಯೇ ಹೊರತು ನಮ್ಮ ಕೈಯ ಲೆಕ್ಕವಲ್ಲ; ಫ್ಲಶ್ ಡ್ರಾ ಇರುವ ಬೋರ್ಡ್‌ಗಳಲ್ಲಿ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಬೋರ್ಡ್‌ನ ಐದು ಎಲೆಗಳನ್ನೂ ಅದರ ಜಾಗದಲ್ಲಿ ತುಂಬಿ. ಯಾರಾದರೂ ಫೋಲ್ಡ್ ಮಾಡುವಾಗ ಅವರ ಎಲೆ ಅಕಸ್ಮಾತ್ತಾಗಿ ತೆರೆದುಕೊಂಡಿದ್ದರೆ ಅದನ್ನು ಸತ್ತ ಎಲೆಗಳ ಜಾಗದಲ್ಲಿ ಹಾಕಬೇಕು. ಇಲ್ಲವಾದರೆ ಆ ಜಾಗ ಖಾಲಿ ಇರಲಿ.

ಈ ರೇಂಜಿನಲ್ಲಿ ಉಳಿಯುವ ಕಾಂಬೋಗಳನ್ನು ಎಣಿಸೋಣ. ಒಂದು ಒಂಬತ್ತು, ಒಂದು ನಾಲ್ಕು ಬೋರ್ಡ್‌ನಲ್ಲಿರುವುದರಿಂದ ಆ ಜೋಡಿಗಳಿಗೆ ತಲಾ 3. ಇಬ್ಬರು ರಾಜರು ಈಗಾಗಲೇ ಕಣ್ಣಿಗೆ ಬಿದ್ದಿರುವುದರಿಂದ ಎಕ್ಕ-ರಾಜಕ್ಕೆ ನಾಲ್ಕು ಎಕ್ಕ ಗುಣಿಸು ಎರಡು ರಾಜ, ಅಂದರೆ 8. ಇವು 14 ನಮ್ಮನ್ನು ಸೋಲಿಸುತ್ತವೆ. ರಾಜ-ಗುಲಾಮ ಸೂಟೆಡ್ 2, ಗುಲಾಮ-ಹತ್ತು ಸೂಟೆಡ್ 4, ಒಟ್ಟು 6 ನಮಗೆ ಸೋಲುತ್ತವೆ. 20ರಲ್ಲಿ 6, ಅಂದರೆ ಈಕ್ವಿಟಿ ಶೇ 30. ತಂತ್ರಾಂಶವೂ ಇದನ್ನೇ ತೋರಿಸಬೇಕು. ತೋರಿಸದಿದ್ದರೆ ಎಲ್ಲೋ ಒಂದು ಚೌಕ ಹೆಚ್ಚು ಕಡಿಮೆ ಆಗಿದೆ ಎಂದರ್ಥ.

ಇನ್ನು ಆ ಸಂಖ್ಯೆಯನ್ನು ಪಾಟ್ ಆಡ್ಸ್ ಜೊತೆ ಹೋಲಿಸಬೇಕು. ಕಾಲ್ ಮಾಡಲು ಹಾಕಬೇಕಾದ ಮೊತ್ತವನ್ನು, ಕಾಲ್ ಮಾಡಿದ ನಂತರ ಆಗುವ ಒಟ್ಟು ಪಾಟ್‌ನಿಂದ ಭಾಗಿಸಿದರೆ ಬೇಕಾದ ಕನಿಷ್ಠ ಈಕ್ವಿಟಿ ಸಿಗುತ್ತದೆ. 50 ಹಾಕಿದರೆ ಪಾಟ್ 200. ಬೇಕಾದದ್ದು ಶೇ 25. ನಮ್ಮಲ್ಲಿ ಶೇ 30 ಇರುವುದರಿಂದ 200ರಲ್ಲಿ ನಮ್ಮ ಪಾಲು 60, ಖರ್ಚು 50, ಸರಾಸರಿ ಲಾಭ 10 ಚಿಪ್. ಕಾಲ್ ಮಾಡಬಹುದು. ಇದೇ ಎದುರಾಳಿ ಇದೇ ರೇಂಜಿನಿಂದ 100 ಚಿಪ್ ಬೆಟ್ ಮಾಡಿದ್ದರೆ ಪಾಟ್ 300 ಆಗಿ ಶೇ 33.3 ಬೇಕಾಗುತ್ತಿತ್ತು, ಆಗ 300ರಲ್ಲಿ ನಮ್ಮ ಪಾಲು 90, ಖರ್ಚು 100, ಸರಾಸರಿ ನಷ್ಟ 10 ಚಿಪ್. ಫೋಲ್ಡ್ ಮಾಡಬೇಕಿತ್ತು. ಎರಡನೆಯ ಲೆಕ್ಕದಲ್ಲಿ ಇದೇ ರೇಂಜಿನಿಂದ ಎಂಬ ಷರತ್ತು ಇರುವುದನ್ನು ಗಮನಿಸಿ. ಬೆಟ್‌ನ ಗಾತ್ರ ಬದಲಾದಾಗ ಬಹುತೇಕ ಆಟಗಾರರ ರೇಂಜೂ ಬದಲಾಗುತ್ತದೆ, ಅದನ್ನು ಮತ್ತೆ ತಿದ್ದಿ ಬರೆಯುವ ಕೆಲಸ ನಮ್ಮದೇ.

ಊಹೆಯನ್ನು ಅಲುಗಾಡಿಸಿ ನೋಡುವುದು

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ತಂತ್ರಾಂಶದ ನಿಜವಾದ ಉಪಯೋಗ ಇರುವುದೇ ಇಲ್ಲಿ.

ಮೇಲಿನ ರೇಂಜಿನಲ್ಲಿ ಎಕ್ಕ-ರಾಜ ಆಫ್‌ಸೂಟ್ ಚೌಕವನ್ನು ಮಾತ್ರ ತೆಗೆದು, ಸೂಟೆಡ್ ಇರಿಸಿ ಮತ್ತೆ ಲೆಕ್ಕ ಹಾಕಿ. ಸೂಟೆಡ್‌ನಲ್ಲಿ ಉಳಿಯುವುದು ಡೈಮಂಡ್ ಮತ್ತು ಕ್ಲಬ್‌ನ 2 ಕಾಂಬೋ ಮಾತ್ರ. ನಮ್ಮನ್ನು ಸೋಲಿಸುವವು 14ರಿಂದ 8ಕ್ಕೆ ಇಳಿಯುತ್ತವೆ, ಒಟ್ಟು 14ರಲ್ಲಿ 6 ನಮ್ಮವು, ಈಕ್ವಿಟಿ ಶೇ 42.9. ಆಗ 100 ಚಿಪ್‌ನ ಬೆಟ್‌ಗೂ ಕಾಲ್ ಮಾಡಬಹುದು. ಬದಲಿಗೆ ಎಕ್ಕ-ರಾಜ ಎರಡನ್ನೂ ಇರಿಸಿ ಗುಲಾಮ-ಹತ್ತು ಆಫ್‌ಸೂಟ್ ಸೇರಿಸಿದರೆ ಹೊಸದಾಗಿ 12 ಬ್ಲಫ್‌ಗಳು ಬಂದು, 32ರಲ್ಲಿ 18 ನಮ್ಮವಾಗಿ ಈಕ್ವಿಟಿ ಶೇ 56ನ್ನು ದಾಟುತ್ತದೆ. ಒಂದೇ ಒಂದು ಚೌಕದಿಂದ ತೀರ್ಮಾನ ತಲೆಕೆಳಗಾಗುತ್ತದೆ. ಹಾಗಾಗಿ ಯಾವುದೇ ಸಂದರ್ಭವನ್ನು ಕನಿಷ್ಠ ಮೂರು ರೇಂಜುಗಳಿಂದ ಪರೀಕ್ಷಿಸಬೇಕು: ಎದುರಾಳಿ ತೀರಾ ಬಿಗಿಯಾಗಿ ಆಡುತ್ತಾರೆಂಬ ಊಹೆ, ನಮಗೆ ಸಹಜವೆನಿಸುವ ಊಹೆ, ಸಡಿಲವಾಗಿ ಆಡುತ್ತಾರೆಂಬ ಊಹೆ. ಮೂರರಲ್ಲೂ ಕಾಲ್ ಎಂದೇ ಬಂದರೆ ಮುಂದಿನ ಸಂದರ್ಭಕ್ಕೆ ಹೋಗಿ. ಒಂದರಲ್ಲಿ ಕಾಲ್, ಇನ್ನೊಂದರಲ್ಲಿ ಫೋಲ್ಡ್ ಎಂದು ಬಂದರೆ ಯಾವ ಚೌಕದಿಂದ ತೀರ್ಮಾನ ತಿರುಗಿತು ಎಂದು ಹುಡುಕಿ. ಮೇಲಿನ ಉದಾಹರಣೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಖಚಿತವಾಗುತ್ತದೆ: ಈ ಎದುರಾಳಿ ಎಕ್ಕ-ರಾಜ ಆಫ್‌ಸೂಟನ್ನು ಫ್ಲಾಪ್‌ಗೆ ಮುನ್ನವೇ ರೀ-ರೇಸ್ ಮಾಡಿರುತ್ತಿದ್ದರೇ? ಗುಲಾಮ-ಹತ್ತು ಆಫ್‌ಸೂಟ್ ಆಡುವವರೇ? ಮುಂದಿನ ಬಾರಿ ಅವರ ಆಟದಲ್ಲಿ ಏನನ್ನು ಗಮನಿಸಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಸೂಟುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಫ್ಲಾಪ್‌ನಲ್ಲಿ ಎರಡು ಹಾರ್ಟ್ ಬಿದ್ದಾಗ ಎದುರಾಳಿ ಫ್ಲಶ್ ಡ್ರಾಗಳನ್ನು ರೇಸ್ ಮಾಡುತ್ತಾರೆಂದು ಭಾವಿಸಿ ಎಕ್ಕ-ಎರಡರಿಂದ ಎಕ್ಕ-ಒಂಬತ್ತರವರೆಗಿನ ಸೂಟೆಡ್ ಚೌಕಗಳನ್ನು ಒತ್ತಿದರೆ 8 ಚೌಕ, ಬೋರ್ಡ್‌ನ ಎಲೆಗಳನ್ನು ಕಳೆಯುವ ಮೊದಲು 32 ಕಾಂಬೋ ಸೇರುತ್ತವೆ. ಅವುಗಳಲ್ಲಿ ಹಾರ್ಟ್‌ನವು ಪ್ರತಿ ಚೌಕಕ್ಕೆ ಒಂದರಂತೆ ಹೆಚ್ಚೆಂದರೆ 8. ಉಳಿದ ಮುಕ್ಕಾಲು ಪಾಲಿನಲ್ಲಿ ಹಾರ್ಟ್ ಡ್ರಾ ಇರುವುದೇ ಇಲ್ಲ. ಬಹಳಷ್ಟು ತಂತ್ರಾಂಶಗಳಲ್ಲಿ ಚೌಕವನ್ನು ಆರಿಸಿದ ಮೇಲೆ ಸೂಟುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸೌಲಭ್ಯವಿದ್ದು, ಅಲ್ಲಿ ಹಾರ್ಟ್ ಒಂದನ್ನೇ ಉಳಿಸಿಕೊಳ್ಳಬೇಕು. ಕೆಲವು ತಂತ್ರಾಂಶಗಳು ಚೌಕಕ್ಕೆ ತೂಕ ಕೊಡಲೂ ಬಿಡುತ್ತವೆ. ಒಂದು ಹ್ಯಾಂಡನ್ನು ಎದುರಾಳಿ ಎರಡರಲ್ಲಿ ಒಂದು ಸಲ ಮಾತ್ರ ಹೀಗೆ ಆಡುತ್ತಾರೆ ಎನಿಸಿದರೆ ಶೇ 50 ಎಂದು ಹಾಕಬಹುದು.

ಈ ಸಂಖ್ಯೆ ಎಲ್ಲಿ ಸಲ್ಲುವುದಿಲ್ಲ

ಈಕ್ವಿಟಿಯ ವ್ಯಾಖ್ಯೆಯಲ್ಲೇ ಮುಂದೆ ಬೆಟ್ಟಿಂಗ್ ಇಲ್ಲ ಎಂಬ ಷರತ್ತಿದೆ. ಆಲ್-ಇನ್ ಆದಾಗ, ಅಥವಾ ರಿವರ್‌ನಲ್ಲಿ ಕೊನೆಯ ಬೆಟ್‌ಗೆ ಕಾಲ್ ಮಾಡುವಾಗ ಮಾತ್ರ ಅದು ಪೂರ್ತಿಯಾಗಿ ನಿಜ. ಫ್ಲಾಪ್‌ನಲ್ಲಿ ಇಬ್ಬರ ಬಳಿಯೂ ಬೇಕಾದಷ್ಟು ಚಿಪ್ ಉಳಿದಿರುವಾಗ ಶೇ 35 ಎಂದು ಬಂದ ಮಾತ್ರಕ್ಕೆ ಅಷ್ಟು ಪಾಲು ಕೈಗೆ ಬರುವುದಿಲ್ಲ. ಮೊದಲು ಆಡಬೇಕಾದ ಸ್ಥಾನದಲ್ಲಿರುವ ದುರ್ಬಲ ಜೋಡಿಯನ್ನು ಟರ್ನ್‌ನ ದೊಡ್ಡ ಬೆಟ್ ಹೊರದಬ್ಬುತ್ತದೆ; ಕೊನೆಯಲ್ಲಿ ಆಡುವ ಸ್ಥಾನದಲ್ಲಿರುವ ದೊಡ್ಡ ಫ್ಲಶ್ ಡ್ರಾ ತನ್ನ ಪಾಲಿಗಿಂತ ಹೆಚ್ಚೇ ದುಡಿಯಬಹುದು.

ನಾವೇ ಆಲ್-ಇನ್ ಮಾಡುವಾಗ ಇನ್ನೊಂದು ತಿರುವಿದೆ. ಪಾಟ್‌ನಲ್ಲಿ 100 ಚಿಪ್ ಇರುವಾಗ ನಮ್ಮ ಉಳಿದ 100 ಚಿಪ್ಪನ್ನು ಒಂದು ಡ್ರಾ ನೆಚ್ಚಿ ತಳ್ಳುತ್ತೇವೆ ಎನ್ನೋಣ. ಆಗ ತಂತ್ರಾಂಶಕ್ಕೆ ಎದುರಾಳಿಯ ಪೂರ್ತಿ ರೇಂಜನ್ನು ಕೊಡಬಾರದು, ಕಾಲ್ ಮಾಡುವ ಹ್ಯಾಂಡ್‌ಗಳನ್ನು ಮಾತ್ರ ಕೊಡಬೇಕು. ಅವುಗಳ ಎದುರು ಶೇ 30 ಬಂದರೆ, ಕಾಲ್ ಆದಾಗ 300ರಲ್ಲಿ 90 ನಮ್ಮದಾಗಿ ಸರಾಸರಿ 10 ಚಿಪ್ ನಷ್ಟ. ಫೋಲ್ಡ್ ಆದಾಗ 100 ಚಿಪ್ ಲಾಭ. 11 ಬಾರಿಯಲ್ಲಿ 1 ಬಾರಿ ಎದುರಾಳಿ ಫೋಲ್ಡ್ ಮಾಡಿದರೂ ಲೆಕ್ಕ ಸಮವಾಗುತ್ತದೆ. ರೇಂಜಿನಲ್ಲಿ ಕಾಲ್ ಮಾಡುವ ಕಾಂಬೋಗಳೆಷ್ಟು, ಬಿಡುವ ಕಾಂಬೋಗಳೆಷ್ಟು ಎಂದು ಎಣಿಸಿದರೆ ಆ ಪ್ರಮಾಣವೂ ಅದೇ ಪಟ್ಟಿಯಿಂದ ಸಿಗುತ್ತದೆ. ಟೂರ್ನಮೆಂಟ್‌ಗಳಲ್ಲಿ ಚಿಪ್‌ಗಳ ಲಾಭ ಬಹುಮಾನದ ಲಾಭಕ್ಕೆ ನೇರವಾಗಿ ಸಮವಲ್ಲವಾದ್ದರಿಂದ, ಬಹುಮಾನದ ಸ್ಥಾನಗಳು ಹತ್ತಿರವಾದಂತೆ ಐಸಿಎಂ (ಚಿಪ್‌ಗಳನ್ನು ಬಹುಮಾನದ ಮೌಲ್ಯಕ್ಕೆ ಪರಿವರ್ತಿಸುವ ಮಾದರಿ) ಆಧಾರಿತ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ. ನಾಲ್ಕು ಎಲೆಗಳ ಒಮಾಹಾ ಆಟದಲ್ಲಿ 2,70,725 ಆರಂಭಿಕ ಹ್ಯಾಂಡ್‌ಗಳಿರುವ ಕಾರಣ ಈ ಚೌಕಗಳ ಪಟ್ಟಿಯೇ ಕೆಲಸಕ್ಕೆ ಬಾರದು. ಅಲ್ಲಿ ರೇಂಜನ್ನು ಅಕ್ಷರಗಳಲ್ಲಿ ಬರೆಯುವ ತಂತ್ರಾಂಶಗಳನ್ನೇ ಬಳಸಬೇಕು.

ಈ ಅಭ್ಯಾಸವೆಲ್ಲ ಆಟ ಮುಗಿದ ಮೇಲೆ ನಡೆಯಲಿ. ಆಟ ನಡೆಯುತ್ತಿರುವಾಗ ಹೊರಗಿನ ನೆರವು ಪಡೆಯುವುದನ್ನು ಅನೇಕ ಆನ್‌ಲೈನ್ ಪೋಕರ್ ತಾಣಗಳು ನಿರ್ಬಂಧಿಸುತ್ತವೆ, ಯಾವುದಕ್ಕೆ ಅನುಮತಿ ಇದೆ ಎಂಬುದು ತಾಣದಿಂದ ತಾಣಕ್ಕೆ ಬೇರೆಯಾಗಿರುತ್ತದೆ, ಹಾಗಾಗಿ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು. ಗೊಂದಲ ಹುಟ್ಟಿಸಿದ ಹ್ಯಾಂಡ್‌ಗಳನ್ನು ಗುರುತು ಹಾಕಿಕೊಂಡು, ತಂತ್ರಾಂಶವನ್ನು ತೆರೆಯುವ ಮುನ್ನ ಎದುರಾಳಿಯ ರೇಂಜನ್ನೂ ನಿಮ್ಮ ಈಕ್ವಿಟಿಯ ಅಂದಾಜನ್ನೂ ಕಾಗದದ ಮೇಲೆ ಬರೆದಿಡಿ. ಉತ್ತರವನ್ನು ಕಂಡ ಮೇಲೆ ರೇಂಜನ್ನು ತಮಗೆ ಬೇಕಾದಂತೆ ಹಿಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಪದೇ ಪದೇ ಬೇಕಾಗುವ ರೇಂಜುಗಳನ್ನು, ಯಾವ ಸ್ಥಾನದಿಂದ ಯಾವ ಬಗೆಯ ಆಟಗಾರರು ರೇಸ್ ಮಾಡುವುದು ಎಂಬ ಹೆಸರು ಕೊಟ್ಟು ತಂತ್ರಾಂಶದಲ್ಲೇ ಉಳಿಸಿಕೊಳ್ಳಬಹುದು. ಎಲೆ ತೆರೆದಾಗ ಆ ಪಟ್ಟಿಯಲ್ಲಿಲ್ಲದ ಹ್ಯಾಂಡ್ ಕಾಣಿಸಿಕೊಂಡರೆ, ಅಂದೇ ಆ ಚೌಕವನ್ನು ಸೇರಿಸಿ ರೇಂಜನ್ನು ಮತ್ತೆ ಉಳಿಸಿಡಿ.